ನೆರೆ

ಕರಾವಳಿಯಲ್ಲಿ 'ಹೊಳೆಗೆ ನೆರೆ ಬಂತು' ಎಂದರೆ ಮಳೆ ಜೋರಾಗಿದೆ ಎಂದಷ್ಟೇ ಅಲ್ಲ; ತೋಟ, ಗದ್ದೆ ದಾಟಿ ನೀರು ಅಂಗಳಕ್ಕೂ ಹತ್ತಬಹುದು ಎಂಬ ಎಚ್ಚರಿಕೆ.

ಹಳಗನ್ನಡದಲ್ಲಿ ಶಕಟರೇಫದ, ಅಂದರೆ 'ಱ' ಅಕ್ಷರದ, 'ನೆಱೆ'ಗೆ ತುಂಬು, ಪೂರ್ಣವಾಗು ಎಂಬ ಅರ್ಥಗಳಿವೆ. ತಮಿಳಿನ 'ನಿಱೈ' ಇದೇ ಬಳಗದ್ದು. 'ನೆರೆದ ಜನ'ದಲ್ಲಿರುವುದು ಸಾಮಾನ್ಯ ರಕಾರದ ಬೇರೆ ಪದ. 'ಱ' ಬಳಕೆ ತಪ್ಪಿದ ಮೇಲೆ ಎರಡೂ ಒಂದೇ ರೂಪಕ್ಕೆ ಬಂದವು. ಸಂಸ್ಕೃತದ 'ಪ್ರವಾಹ'ದಲ್ಲಿ ಹರಿಯುವುದು ಮುಖ್ಯ, ನೆರೆಯಲ್ಲಿ ತುಂಬುವುದು.

ತುಳುವಿನಲ್ಲಿ ಇದು 'ಬೊಳ್ಳ'. 1923ರಲ್ಲಿ ನೇತ್ರಾವತಿ ಉಕ್ಕಿದ್ದಕ್ಕೆ ದಕ್ಷಿಣ ಕನ್ನಡದಲ್ಲಿ 'ಮಾರಿಬೊಳ್ಳ' ಎಂಬ ಹೆಸರೇ ನಿಂತಿದೆ. ಬಂಟ್ವಾಳದ ಕಡೆ 1974ರ ನೆರೆಯ ನೆನಪೂ ಮಾಸಿಲ್ಲ.

ಕಚೇರಿಯ ಕಡತಗಳಲ್ಲಿ ಈ ಪದ 'ನೆರೆಪೀಡಿತ ಪ್ರದೇಶ', 'ನೆರೆ ಸಂತ್ರಸ್ತರು', 'ನೆರೆ ಪರಿಹಾರ' ಎಂದು ಬೆಳೆದಿದೆ. ವಿಮೆಯ ಕಾಗದದಲ್ಲೂ ಅದಕ್ಕೆ ಬೆಲೆಯಿದೆ. 2021ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ 'ಭಾರತ್ ಗೃಹ ರಕ್ಷಾ' ಪಾಲಿಸಿಯಲ್ಲಿ ಮನೆಗಾಗುವ ನೆರೆಹಾನಿಯೂ ಸೇರಿದೆ. ಕಾರಿಗೆ ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಮಾತ್ರ, ನೆರೆನೀರಲ್ಲಿ ಮುಳುಗಿದ ಸ್ವಂತ ಗಾಡಿಗೆ ಬಿಡಿಗಾಸೂ ಸಿಗದು.

ಹೊಳೆಬದಿಯವರು ಮಳೆಗಾಲಕ್ಕೆ ಮೊದಲೇ ಪಾಲಿಸಿ ತೆರೆದು, ಅದರಲ್ಲಿ ನೆರೆ ಇದೆಯೇ ಎಂದು ಓದಿಕೊಳ್ಳುವುದು ಒಳ್ಳೆಯದು.