ಸೋಪ್ ಫ್ಯಾಕ್ಟರಿ ಸ್ಟಾಪಿನ ಚರಿತ್ರೆ

ಬೆಂಗಳೂರಿನ ರಾಜಾಜಿನಗರಕ್ಕೆಲ್ಲಿಯ ಪರಂಪರೆ, ಅದು ನಿನ್ನೆ ಮೊನ್ನೆಯ ಬಡಾವಣೆ ಎನ್ನುವವರಿದ್ದಾರೆ. ಕೋಟೆ, ಅರಮನೆ, ಗುಡಿಗೋಪುರಗಳಷ್ಟೇ ಪರಂಪರೆಯಾದರೆ ಅವರ ಮಾತು ಸರಿಯೇ. ಆದರೆ ಈ ಬಡಾವಣೆ ಬೆಳೆದದ್ದು ಕಾರ್ಖಾನೆಗಳ ಜೊತೆಗೆ. ಇದರ ಚರಿತ್ರೆ ದುಡಿಮೆಯಲ್ಲಿದೆ. ಇಲ್ಲಿನ ಗಂಧದ ಸಾಬೂನಿನ ಕಾರ್ಖಾನೆಯ ಕಥೆಯನ್ನೇ ಕೇಳಿ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಶ್ರೀಗಂಧ ಸಾಗಿಸುವ ದಾರಿ ಮುಚ್ಚಿದಾಗ, ಮರವನ್ನು ಮಾರುವ ಬದಲು ಎಣ್ಣೆಯನ್ನೇ ತೆಗೆಯೋಣವೆಂದು ಮೈಸೂರು ಸಂಸ್ಥಾನ 1916ರಲ್ಲಿ ಹೊರಟಿತು. 1918ರಲ್ಲಿ ಸಾಬೂನು ಬಂತು. 1957ರಲ್ಲಿ ಆ ಕಾರ್ಖಾನೆ ರಾಜಾಜಿನಗರಕ್ಕೆ ಬಂದು ನೆಲೆಯೂರಿತು. ಸಿಂಹದ ಮೈ, ಆನೆಯ ತಲೆಯ ಶರಭ ಇಂದಿಗೂ ಅದರ ಗುರುತು. 2014ರಲ್ಲಿ ಮೆಟ್ರೋ ಓಡಿದಾಗ ನಿಲ್ದಾಣಕ್ಕೂ ಕಾರ್ಖಾನೆಯ ಹೆಸರೇ ಉಳಿಯಿತು. ಯಾರೋ ಪುಢಾರಿಯ ಹೆಸರು ಬೀಳದಿದ್ದದ್ದು ನಮ್ಮ ಪುಣ್ಯ.

ಅಲ್ಲಿಂದ ಕೂಗಳತೆಯಲ್ಲಿರುವ ಒರಾಯನ್ ಮಾಲ್‌ನದು ಬೇರೆ ಕಥೆ. 1946ರಲ್ಲಿ ಶುರುವಾದ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಮೋಟಾರು ತಯಾರಿಸುತ್ತಿದ್ದ ಸುಮಾರು 40 ಎಕರೆ ನೆಲದಲ್ಲಿ ಈಗ ಕಚೇರಿ ಗೋಪುರ, ಹೋಟೆಲು, ಆಸ್ಪತ್ರೆ, ಫುಡ್ ಕೋರ್ಟುಗಳಿವೆ. ವ್ಯಾಪಾರವೂ ಇದೆ, ಊಟವೂ ಇದೆ. ಹೆಸರಿನಲ್ಲಿ ಮಾತ್ರ ಹಳೆಯದರ ಸುಳಿವಿಲ್ಲ. ನಗರದ ನಡುವೆ ಕಾರ್ಖಾನೆ ಎಷ್ಟು ದಿನ ಇದ್ದೀತು, ಬದಲಾವಣೆಗೆ ಅಡ್ಡಗಾಲು ಹಾಕಲಾದೀತೇ ಎಂದು ಕೇಳಬಹುದು. ಹಾಕಬೇಕಿಲ್ಲ. ಟೋಕಿಯೊದ ನಿಹೊನ್‌ಬಾಶಿಯನ್ನು ನೋಡಿ. 1603ರಲ್ಲಿ ಸೇತುವೆ ಕಟ್ಟಿದ ಮೇಲೆ ಅದರ ಬದಿಯಲ್ಲೇ ಬೆಳೆದ ಮೀನು ಮಾರುಕಟ್ಟೆ 1923ರ ಭೂಕಂಪದ ಬಳಿಕ ಬೇರೆಡೆಗೆ ಹೋಯಿತು. ಆದರೆ 1699ರಲ್ಲಿ ಆರಂಭವಾದ ಒಣಮೀನಿನ ಅಂಗಡಿ ನಿನ್‌ಬೆನ್ ಅಲ್ಲೇ ಉಳಿದು, ಹೊಸ ಗಾಜಿನ ಕಟ್ಟಡದೊಳಗೆ ತನ್ನ ಮೀನಿನ ತಿಳಿಸಾರನ್ನು ಲೋಟದಲ್ಲಿ ಬಿಸಿಬಿಸಿ ಮಾರುತ್ತಿದೆ. ಕಟ್ಟಡ ಹೊಸದು, ಕಸುಬು ಹಳೆಯದು. ಹಾಗೆಂದು ಜಪಾನಿನವರು ಎಲ್ಲವನ್ನೂ ಜತನ ಮಾಡಿದರೆಂದಲ್ಲ. ಅದೇ ಸೇತುವೆಯ ನೆತ್ತಿಯ ಮೇಲೆ 1963ರಲ್ಲಿ ಎಕ್ಸ್‌ಪ್ರೆಸ್ ಹೆದ್ದಾರಿ ಹಾಯಿಸಿ, ಈಗ ಅಪಾರ ಹಣ ಸುರಿದು ಅದನ್ನು ನೆಲದಡಿಗೆ ಇಳಿಸುತ್ತಿದ್ದಾರೆ.

ಸಾಬೂನಿನ ಕಾರ್ಖಾನೆಯೊಂದು ಪರಂಪರೆ ಎನಿಸಿಕೊಳ್ಳುವಷ್ಟು ದೊಡ್ಡದೇ ಎಂಬ ಆಕ್ಷೇಪ ಉಳಿಯಿತು. ಒಣಮೀನಿನ ಅಂಗಡಿಗೆ ಆ ಮಾನ ಸಲ್ಲುವುದಾದರೆ ನಮ್ಮ ಗಂಧಕ್ಕೇಕೆ ಸಲ್ಲದು? ಇಲ್ಲಿ ನಮಗೆ ಕೊರತೆಯಿರುವುದು ದಾಖಲೆಯದು. ಪಾಳಿ ಮುಗಿಸಿ ಬಂದವರು ಎಲ್ಲಿ ಕಾಫಿ ಕುಡಿದರು, ಯಾವ ವಠಾರದಲ್ಲಿ ಬಾಡಿಗೆಗಿದ್ದರು ಎಂಬುದು ಯಾವ ಫಲಕದಲ್ಲೂ ಬರೆದಿರುವುದಿಲ್ಲ. ಮನೆಯ ಟ್ರಂಕಿನಲ್ಲಿ ಇಲ್ಲಿನ ಯಾವುದೇ ಕಾರ್ಖಾನೆಯ ಗುರುತಿನ ಚೀಟಿ, ಸಂಬಳದ ಚೀಟಿ, ಹಳೆಯ ಫೋಟೊ ಇದ್ದರೆ ರದ್ದಿಗೆ ಹಾಕಬೇಡಿ. ನಮ್ಮ ಬಡಾವಣೆಯ ಸಂಘದ ಕಚೇರಿಗೆ ತಂದು ತೋರಿಸಿ.