ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ನೆಲ ಮಸುಕಾದರೆ ಗ್ರಾಫಿಕ್ಸ್ ಕಾರ್ಡ್ ಬದಲಿಸಲೇಬೇಕೇ?

"ಊರು ಮಸುಕಾಗಿ, ಕಟ್ಟಡಗಳು ಕರಗಿದ ಮೇಣದಂತೆ ಕಾಣುತ್ತಿವೆಯೇ? ಹಾಗಾದರೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ." ಮನೆಯ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಹವ್ಯಾಸಿಗಳಿಗೆ ಸಿಗುವ ಮಾಮೂಲಿ ಸಲಹೆ ಇದು. ಹತ್ತಾರು ಸಾವಿರ ರೂಪಾಯಿಯ ಮಾತು. ಆದರೆ 2020ರ ಆಗಸ್ಟ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಮಟ್ಟಿಗೆ, ಕಾರ್ಡಿಗೆ ಕೈಹಾಕುವ ಮೊದಲು ನೋಡಬೇಕಾದದ್ದು ಇಂಟರ್ನೆಟ್ಟನ್ನು.

ಕಾರಣ ಸರಳ. ಇಡೀ ಭೂಮಿಯ ದೃಶ್ಯದ ದತ್ತಾಂಶ ಎರಡು ಪೆಟಾಬೈಟ್‌ಗೂ ಹೆಚ್ಚು, ಅಂದರೆ 20 ಲಕ್ಷ ಜಿಬಿಗಿಂತ ಜಾಸ್ತಿ. ಅದು ಯಾರ ಮನೆಯ ಡಿಸ್ಕಿಗೂ ಹಿಡಿಸುವುದಿಲ್ಲ. ಹಾಗಾಗಿ ನೀವು ಹಾರುತ್ತಿರುವ ಜಾಗದ ನೆಲ ಮಾತ್ರ ಬಿಂಗ್ ನಕ್ಷೆಯ ಚಿತ್ರಗಳಿಂದ ಆಗಿಂದಾಗ್ಗೆ ಇಳಿಯುತ್ತಿರುತ್ತದೆ. ಸಂಪರ್ಕ ನಿಧಾನವಾದರೆ ನೆಲ ಮಸುಕು, ಕಟ್ಟಡ ಮುದ್ದೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಹಾರುವವರಿಗೆ ಇದು ಚೆನ್ನಾಗಿ ಗೊತ್ತು.

ಸೆಟ್ಟಿಂಗ್ಸ್‌ನ 'ಡೇಟಾ' ಪುಟ ತೆರೆದು ಬಿಂಗ್ ದತ್ತಾಂಶ ಮತ್ತು ಫೋಟೋಗ್ರಾಮೆಟ್ರಿ ಆನ್ ಇವೆಯೇ ನೋಡಿ. ನೆಟ್ ಕೈಕೊಟ್ಟಾಗ ಇವು ಆಫ್ ಆಗಿ ಹಾಗೇ ಉಳಿದಿರಬಹುದು. ಅಲ್ಲೇ ಇರುವ ರೋಲಿಂಗ್ ಕ್ಯಾಶೆಯನ್ನೂ ಒಮ್ಮೆ ಅಳಿಸಿ. ಹಳೆಯ, ಕೆಟ್ಟ ತುಣುಕುಗಳು ಅದರಲ್ಲಿ ಕೂತಿದ್ದರೆ ಹೋಗುತ್ತವೆ. ಫೋಟೋಗ್ರಾಮೆಟ್ರಿ ಎಂದರೆ ಮೇಲಿನಿಂದ ತೆಗೆದ ಫೋಟೋಗಳನ್ನು ಜೋಡಿಸಿ ಕಟ್ಟಿದ ನಗರ. ತೀರಾ ಕೆಳಗೆ ಹಾರಿದರೆ ಎಷ್ಟೇ ಒಳ್ಳೆಯ ನೆಟ್ ಇದ್ದರೂ ಅದು ಕರಗಿದಂತೆಯೇ ಕಾಣುತ್ತದೆ.

ಕೆಲವು ದೋಷಗಳು ನಿಮ್ಮ ಮನೆಯವೇ ಅಲ್ಲ. ಫೋಟೋಗ್ರಾಮೆಟ್ರಿ ಇಲ್ಲದ ಊರುಗಳಲ್ಲಿ ಕಟ್ಟಡಗಳನ್ನು ಆಸ್ಟ್ರಿಯಾದ ಬ್ಲ್ಯಾಕ್‌ಶಾರ್ಕ್ ಸಂಸ್ಥೆಯ ಎಐ ಚಿತ್ರ ನೋಡಿ ಊಹಿಸಿ ಕಟ್ಟುತ್ತದೆ. ಆಟ ಬಿಡುಗಡೆಯಾದಾಗ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಒಂದು ಬಡಾವಣೆಯಲ್ಲಿ 212 ಮಹಡಿಯ ಗೋಪುರ ಎದ್ದು ನಿಂತಿತ್ತು! ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯಲ್ಲಿ ಯಾರೋ 2 ಎಂದು ಬರೆಯುವಲ್ಲಿ 212 ಎಂದು ಟೈಪಿಸಿದ್ದರು. ನಕ್ಷೆಯಲ್ಲಿ ತಪ್ಪು ತಿದ್ದಿದ್ದರೂ ಆಟಕ್ಕೆ ಹಳೆಯ ಪ್ರತಿಯೇ ಹೋಗಿತ್ತು. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ ಕಚೇರಿ ಕಟ್ಟಡದಂತೆ ಕಂಡಿದ್ದೂ ಇಂಥ ಊಹೆಯಿಂದಲೇ. ಯಾವ ಸೆಟ್ಟಿಂಗೂ ಇದನ್ನು ಸರಿಮಾಡದು.

ರನ್‌ವೇ ಗಾಳಿಯಲ್ಲಿ ತೇಲುವುದು, ಒಂದರ ಮೇಲೊಂದು ಟರ್ಮಿನಲ್ ಕಾಣುವುದು ಬೇರೆ ಕಥೆ. ಅಲ್ಲಿ ಮೊದಲ ಅನುಮಾನ ಹೊರಗಿನಿಂದ ತಂದು ಹಾಕಿದ ಆಡ್-ಆನ್‌ಗಳ ಮೇಲೆ. 'ಕಮ್ಯೂನಿಟಿ' ಫೋಲ್ಡರ್‌ನಲ್ಲಿರುವುದನ್ನೆಲ್ಲ ಬೇರೆಡೆಗೆ ಸರಿಸಿ ಆಟ ತೆರೆಯಿರಿ. ದೋಷ ಹೋದರೆ ಅರ್ಧ ವಾಪಸ್ ಹಾಕಿ ನೋಡಿ, ಮತ್ತೆ ಅದರಲ್ಲಿ ಅರ್ಧ. 40 ಆಡ್-ಆನ್ ಇದ್ದರೂ ಕಿಡಿಗೇಡಿ ಒಂದೇ ಆಗಿದ್ದರೆ ಆರು ಸುತ್ತಿನೊಳಗೆ ಸಿಕ್ಕಿಬೀಳುತ್ತದೆ.

ಹಾಗಾದರೆ ಕಾರ್ಡ್ ಯಾವಾಗ ಬೇಕು? ಚಿತ್ರ ತಡವರಿಸುತ್ತಿದ್ದರೆ 'ರೆಂಡರ್ ಸ್ಕೇಲಿಂಗ್' ಅನ್ನು 100ರಿಂದ 70ಕ್ಕೆ ಇಳಿಸಿ. ಫ್ರೇಮ್ ಸಂಖ್ಯೆ ಏರಿದರೆ ಕಾರ್ಡಿಗೆ ನಿಜವಾಗಿಯೂ ಹೊರೆ. ಕದಲದಿದ್ದರೆ ಅಡ್ಡಿ ಬಹುಶಃ ಪ್ರೊಸೆಸರ್‌ನಲ್ಲಿದೆ. ಆಗ ಟೆರೇನ್‌ನ 'ಲೆವೆಲ್ ಆಫ್ ಡೀಟೇಲ್' ಮತ್ತು ವಿಮಾನ ದಟ್ಟಣೆ ತಗ್ಗಿಸಿ. ದುಬಾರಿ ಕಾರ್ಡ್ ತಂದರೂ ಅಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ಡೆವಲಪರ್ ಮೋಡ್‌ನ ಫ್ರೇಮ್ ಕೌಂಟರ್ ಕೂಡ ಅಡ್ಡಿ 'ಮೇನ್ ಥ್ರೆಡ್'ನದೋ 'ಜಿಪಿಯು'ನದೋ ಎಂದು ನೇರವಾಗಿ ತೋರಿಸುತ್ತದೆ.

ಈ ದೋಷಗಳು ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತವೆ. ಸಿಮ್ಯುಲೇಟರ್ ಮತ್ತು ಆಟಗಳ ದೃಶ್ಯಗಳು ನಿಜವಾದ ವಿಮಾನ ಅವಘಡ ಎಂಬ ಹೆಸರಲ್ಲಿ ವಾಟ್ಸ್ಆ್ಯಪ್‌ಗೆ ಬರುತ್ತಲೇ ಇರುತ್ತವೆ. ವಿಡಿಯೊ ನಿಲ್ಲಿಸಿ ವಿಮಾನವನ್ನು ಬಿಟ್ಟು ನೆಲ ನೋಡಿ: ಮರಗಳು ಹಸಿರು ಉಂಡೆಗಳಂತಿವೆಯೇ? ಸೇತುವೆಯ ಕೆಳಗಿನ ಖಾಲಿ ಜಾಗ ಗೋಡೆಯಂತೆ ತುಂಬಿಕೊಂಡಿದೆಯೇ? ರಸ್ತೆಯ ಮೇಲಿನ ಕಾರುಗಳು ನೆಲಕ್ಕೆ ಬಳಿದ ಬಣ್ಣದಂತೆ ಚಪ್ಪಟೆಯಾಗಿವೆಯೇ?