ಉಳವಿ ದಾರಿಯ ಹಳಿಯಾಳ, ಉಳವಿಗೆ ಬಂದ ತಾಯಿ

ಧಾರವಾಡದಿಂದ ಸುಮಾರು 35 ಕಿಲೋಮೀಟರ್ ಬಂದರೆ ಹಳಿಯಾಳ. ಬಯಲುಸೀಮೆ ಮುಗಿದು ಕಾಡು ಶುರುವಾಗುವ ಊರಿದು. ಈ ಕಡೆ ಭತ್ತ, ಕಬ್ಬು, ಗೋವಿನಜೋಳ. ಆ ಕಡೆ ತೇಗ, ಮತ್ತಿ, ಬಿದಿರು. ಸಂತೆಯ ದಿನ ಬಸ್ ನಿಲ್ದಾಣದಲ್ಲಿ ಒಂದು ತಾಸು ನಿಂತರೆ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಕಿವಿಗೆ ಬೀಳುತ್ತವೆ. ಮರಾಠರು, ಲಿಂಗಾಯತರು, ಗೌಳಿಗರು, ಸಿದ್ದಿಯರು, ಕ್ರೈಸ್ತರು, ಮುಸ್ಲಿಮರು ಒಂದೇ ಸಂತೆಯಲ್ಲಿ ಚೌಕಾಶಿ ಮಾಡುವ ಊರು.

ಕಾಗದದ ಮೇಲಿನ ಚರಿತ್ರೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಟಿಪ್ಪು ಬಿದ್ದ ಮೇಲೆ ಈ ಗಡಿಯಲ್ಲಿ ಓಡಾಡಿದ ಆರ್ಥರ್ ವೆಲ್ಲೆಸ್ಲಿ, ಅಂದರೆ ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು, 1800ರ ಸುಮಾರಿನ ತನ್ನ ಪತ್ರಗಳಲ್ಲಿ ಇಲ್ಲಿನ ಕೋಟೆಯ ಠಾಣ್ಯವನ್ನು ಹೆಸರಿಸಿದ್ದಾನೆ. ಮದ್ರಾಸ್ ಪ್ರಾಂತದಲ್ಲಿದ್ದ ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಹೋಯಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 2001ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 20 ಸಾವಿರ ದಾಟಿತ್ತು. ಸಕ್ಕರೆ ಕಾರ್ಖಾನೆ ಇದೆ, ಎಂಜಿನಿಯರಿಂಗ್ ಕಾಲೇಜು ಇದೆ, ಕುಸ್ತಿ ಪೈಲ್ವಾನರಿಗಂತೂ ಎಂದೂ ಬರವಿಲ್ಲ. ದಾಂಡೇಲಿ ಮೊನ್ನೆ ಮೊನ್ನೆಯವರೆಗೂ ನಮ್ಮ ತಾಲ್ಲೂಕಿನಲ್ಲೇ ಇತ್ತು. 1955ರಲ್ಲಿ ಅಲ್ಲಿ ಕಾಗದದ ಕಂಪನಿ ಹುಟ್ಟಿತು, ಆಮೇಲೆ ಅಭಯಾರಣ್ಯ, ರಾಫ್ಟಿಂಗ್, ರೆಸಾರ್ಟ್ ಒಂದೊಂದಾಗಿ ಬಂದವು. ಈಗ ಹೊರಗಿನವರಿಗೆ ದಾಂಡೇಲಿ ಗೊತ್ತು. ಹಳಿಯಾಳವೆಂದರೆ ನಡುವೆ ಚಹಾ ಕುಡಿಯಲು ಇಳಿಯುವ ಜಾಗ. ಇದು ನಮ್ಮ ಊರಿನವರ ಹಳೆಯ ಅಸಮಾಧಾನ. ಇರಲಿ.

ನನಗೆ ಬರೆಯಬೇಕಾದದ್ದು ಕೋಟೆಯ ಬಗ್ಗೆಯೂ ಅಲ್ಲ, ಕಾರ್ಖಾನೆಯ ಬಗ್ಗೆಯೂ ಅಲ್ಲ. ಈ ಸೀಮೆಗೆ ಬಂದವರಲ್ಲಿ ಜನ ಇಂದಿಗೂ ಹೆಸರು ಹಿಡಿದು ನೆನೆಯುವವರ ಪೈಕಿ ತೀರ ಹಳಬಳು ಒಬ್ಬ ತಾಯಿ. ಅವಳ ಬಗ್ಗೆ ಬರೆಯಬೇಕು.

ಚಕ್ಕಡಿ ಬರುವ ತಿಂಗಳು

ಭಾರತ ಹುಣ್ಣಿಮೆ ಹತ್ತಿರ ಬಂತೆಂದರೆ ಧಾರವಾಡ, ಬೈಲಹೊಂಗಲ, ಬೆಳಗಾವಿ ಕಡೆಯ ಹಳ್ಳಿಗಳಿಂದ ಉಳವಿ ಜಾತ್ರೆಗೆ ಚಕ್ಕಡಿಗಳು ಹೊರಡುತ್ತವೆ. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಬೆನ್ನ ಮೇಲೆ ಕಸೂತಿಯ ಝೂಲ. ಗಾಡಿಯೊಳಗೆ ಹೊಟ್ಟು-ಮೇವಿನ ಚೀಲ. ಅದರ ಮೇಲೆ ಬುತ್ತಿಯ ಗಂಟು, ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ. ಇಷ್ಟೆಲ್ಲದರ ನಡುವೆ ಕಾಲು ಮಡಚಿ ಕೂತ ಮುದುಕಿಯರು. ಹಳಿಯಾಳ ದಾಟಿದ ಮೇಲೆ ಘಟ್ಟದ ಏರಿಳಿತ ಶುರು. ಇಳಿಜಾರು ಬಂದಲ್ಲಿ ಗಂಡಸರು ಕೆಳಗಿಳಿದು ಗಾಡಿಯನ್ನು ಹಿಂದಕ್ಕೆ ಜಗ್ಗಿ ಹಿಡಿಯಬೇಕು. ಎತ್ತಿಗೆ ನೀರು ಕಾಣಿಸಿದಲ್ಲಿ ಠಿಕಾಣಿ, ಮೂರು ಕಲ್ಲು ಹೂಡಿದಲ್ಲಿ ಒಲೆ.

ಇವರೆಲ್ಲ ಹೋಗುವುದು ಜೊಯಿಡಾ ತಾಲ್ಲೂಕಿನ ಉಳವಿಗೆ, ಚೆನ್ನಬಸವಣ್ಣನ ಗದ್ದುಗೆಗೆ. 12ನೆಯ ಶತಮಾನದಲ್ಲಿ ಬಿಜ್ಜಳನ ಕೊಲೆಯಾಗಿ ಕಲ್ಯಾಣ ಹೊತ್ತಿ ಉರಿದಾಗ ಶರಣರ ಒಂದು ದಂಡು ವಚನದ ಕಟ್ಟುಗಳನ್ನು ಹೊತ್ತು ಪಶ್ಚಿಮಕ್ಕೆ ನಡೆಯಿತು. ಆ ನೆನಪು ದಾರಿಯುದ್ದಕ್ಕೂ ಗುಡಿಗಳಾಗಿ ಉಳಿದಿದೆ. ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಬಸವಣ್ಣನ ಹೆಂಡತಿ ಗಂಗಾಂಬಿಕೆಯ ಐಕ್ಯಸ್ಥಳ. ನಮ್ಮ ಮಗ್ಗುಲಲ್ಲೇ ಇರುವ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯ. ಆ ದಂಡಿನಲ್ಲಿ ಬಸವಣ್ಣನ ಅಕ್ಕ, ಚೆನ್ನಬಸವಣ್ಣನ ತಾಯಿ ನಾಗಮ್ಮನೂ ಇದ್ದಳು; ಜನರ ಬಾಯಲ್ಲಿ ಅಕ್ಕನಾಗಮ್ಮ.

ಅವಳ ಬಾಳನ್ನು ಒಮ್ಮೆ ಸಾಲಾಗಿಟ್ಟು ನೋಡಬೇಕು. ಜನಿವಾರ ಬೇಡವೆಂದು ಮನೆ ಬಿಟ್ಟ ತಮ್ಮನ ಜೊತೆ ತಾನೂ ತವರು ತೊರೆದು ಕೂಡಲಸಂಗಮಕ್ಕೆ ಹೋದಳೆಂದು ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ಮಹಾಮನೆಯ ದಾಸೋಹ ನೋಡಿಕೊಂಡಳು. ಮಗ ಎಳವೆಯಲ್ಲೇ ದೊಡ್ಡ ಜ್ಞಾನಿಯೆನಿಸಿಕೊಂಡದ್ದನ್ನು ಕಂಡಳು. ತಮ್ಮ ಕೂಡಲಸಂಗಮದಲ್ಲಿ ಹೋದ, ಮಗ ಉಳವಿಯಲ್ಲಿ ಹೋದ. ಇಬ್ಬರಿಗಿಂತಲೂ ಹೆಚ್ಚು ಬದುಕಿದವಳು ಅವಳು. ಅವಳ ಹೆಸರಿನಲ್ಲಿ ಸಿಕ್ಕಿರುವುದು 15 ವಚನ, ಅಂಕಿತ ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’. ತನ್ನ ಮಾತಿನ ಕೊನೆಗೂ ತಮ್ಮನ ಹೆಸರನ್ನೇ ಇಟ್ಟುಕೊಂಡಳು.

ತಕರಾರಿನ ದಾಖಲೆ

ಚೆನ್ನಬಸವಣ್ಣನ ತಂದೆಯ ವಿಷಯದಲ್ಲಿ ಪುರಾಣಗಳಿಗೆ ಒಮ್ಮತವಿಲ್ಲ. ಶಿವಸ್ವಾಮಿ ಎನ್ನುವವರಿದ್ದಾರೆ, ಪ್ರಸಾದದಿಂದ ಹುಟ್ಟಿದವನು ಎನ್ನುವವರಿದ್ದಾರೆ. ತಾಯಿ ಯಾರೆಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ. ಆದರೂ ಆ ಮೊದಲ ಪ್ರಶ್ನೆ ಅವಳನ್ನು ಎಂಟು ಶತಮಾನ ದಾಟಿ ಬಂದು ಹಿಡಿಯಿತು. ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಯಲ್ಲಿ ನಾಗಮ್ಮನ ಬಗ್ಗೆ ಬಂದ ಭಾಗಕ್ಕೆ ವಿರೋಧ ಎದ್ದು, 1997ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಅದರ ವಿರುದ್ಧದ ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2007ರಲ್ಲಿ ಸರ್ಕಾರದ ಕ್ರಮವೇ ಎತ್ತಿಹಿಡಿಯಲ್ಪಟ್ಟಿತು. ಲೇಖಕನ ಸ್ವಾತಂತ್ರ್ಯ ಹೆಚ್ಚೋ, ಭಕ್ತರ ಭಾವನೆ ಹೆಚ್ಚೋ ಎಂಬ ವಾದ ಈಗಲೂ ಮುಗಿದಿಲ್ಲ. ನನ್ನ ತಕರಾರು ಬೇರೆ. ಆ ಗದ್ದಲದಲ್ಲಿ ಎರಡೂ ಪಕ್ಷದವರು ಚರ್ಚಿಸಿದ್ದು ಅವಳ ಬಸಿರಿನ ಬಗ್ಗೆ. ಅವಳ ವಚನ ತೆಗೆದು ಓದಿದವರು ಎಷ್ಟು ಜನ?

ಎರಡನೆಯ ತಕರಾರು ಅವಳ ಕೊನೆಯ ಜಾಗದ್ದು. ಉಳವಿಯ ಕಾಡಿನಲ್ಲಿ ಶರಣರ ಹೆಸರಿನ ತಾಣಗಳು ಹಲವು: ಮಹಾಮನೆ ಗವಿ, ಹರಳಯ್ಯನ ಚಿಲುಮೆ, ವಿಭೂತಿ ಕಣಜ. ಅವುಗಳೊಡನೆ ಅಕ್ಕನಾಗಮ್ಮನ ಗವಿಯೂ ಇದೆ. ಆದರೆ ಮಗ ತೀರಿದ ಮೇಲೆ ಅವಳು ಉಳವಿ ಬಿಟ್ಟು ದಕ್ಷಿಣಕ್ಕೆ ನಡೆದಳು, ತರೀಕೆರೆ ಹತ್ತಿರ ಎಣ್ಣೆಹೊಳೆಯ ದಂಡೆಯಲ್ಲಿ ಐಕ್ಯಳಾದಳು ಎಂದು ಇನ್ನೊಂದು ಪರಂಪರೆ. ನಮ್ಮ ಕಡೆಯ ಹಿರಿಯರಿಗೆ ಇದು ಒಪ್ಪಿಗೆಯಿಲ್ಲ. ಮಗನ ಗದ್ದುಗೆ ಬಿಟ್ಟು ತಾಯಿ ಎಲ್ಲಿಗೆ ಹೋದಾಳು ಎನ್ನುತ್ತಾರೆ. ನನಗೆ ತರೀಕೆರೆಯ ಮಾತೇ ಹೆಚ್ಚು ನಿಜವೆನ್ನಿಸುತ್ತದೆ. ಹೊತ್ತು ತಂದ ವಚನಗಳಿನ್ನೂ ಕೈಯಲ್ಲಿದ್ದವು, ನಂಬಿದವರಿನ್ನೂ ಬೆನ್ನಿಗಿದ್ದರು. ಅಂಥವಳು ಅತ್ತು ಕೂರುವ ಹೆಂಗಸಲ್ಲ. ಹಾಗೆಂದು ನಮ್ಮ ಗವಿಯ ಬೆಲೆಯೇನೂ ಕಡಿಮೆಯಾಗುವುದಿಲ್ಲ. ಮಗನನ್ನು ಮಣ್ಣಿಗೆ ಕೊಟ್ಟ ಮೇಲೂ ಅವಳು ಎದ್ದು ನಡೆದದ್ದು ಇಲ್ಲಿಂದಲೇ ಎಂದಾದರೆ, ಊರಿಗೆ ಅದಕ್ಕಿಂತ ದೊಡ್ಡ ಮಾತು ಬೇಕೆ?

ಆಯಿಯರ ಕೌದಿ

ನಮ್ಮ ಆಯಿ ಕೈಕಾಲು ಗಟ್ಟಿ ಇರುವವರೆಗೂ ಉಳವಿಗೆ ಹೋದವಳು. ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆದು ಎಲ್ಲರೂ ಅಂಗಡಿ ಸಾಲಿಗೆ ಹೋದರೆ, ಅವಳು ಗವಿಯ ದಾರಿ ಹಿಡಿಯುತ್ತಿದ್ದಳು. “ಮಗನ ಮುಂದ ಎಲ್ಲಾರೂ ನಿಂದರತಾರ. ತಾಯಿನ್ನ ಮಾತಾಡ್ಸಾಕ ಯಾರರ ಹೋಗಬೇಕಲ್ಲೋ” ಎನ್ನುತ್ತಿದ್ದಳು. ಬೆಳಗಾದರೆ ಲಿಂಗಪೂಜೆ, ಆಮೇಲೆ ಹಾಲು ಕಾಸುವುದು, ಮಧ್ಯಾಹ್ನ ಹೊಲಕ್ಕೆ ಬುತ್ತಿ, ಸಂಜೆ ಮೊಮ್ಮಕ್ಕಳ ಜಗಳದ ಪಂಚಾಯಿತಿ. ತೊಂಬತ್ತರ ಹತ್ತಿರ ಬದುಕಿದಳು. ಅವಳು ಹೋದ ಮೇಲೆ ವಾರಸಾ ಕಾಗದ ಮಾಡಿಸಲು ಹೋದಾಗ ಗೊತ್ತಾಯಿತು, ಪಹಣಿಯಲ್ಲಿ ಅವಳ ಹೆಸರು ಒಂದು ಥರ, ಪಡಿತರ ಚೀಟಿಯಲ್ಲಿ ಇನ್ನೊಂದು ಥರ. ಎರಡರಲ್ಲೂ ಸರಿಯಾಗಿ ಬರೆದಿದ್ದದ್ದು ಗಂಡನ ಹೆಸರು ಮಾತ್ರ.

ಅವಳು ಬಿಟ್ಟುಹೋದ ಆಸ್ತಿ ಕೌದಿಗಳು. ಈ ಸೀಮೆಯ ಎಲ್ಲ ಜಾತಿಯ ಮುದುಕಿಯರೂ ಕೌದಿ ಹೊಲಿದವರೇ. ಆದರೆ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಅಜ್ಜಿಯರ ಕೈ ಬೇರೆ. ಸಿದ್ದಿಯರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದಿದ್ದರು. ಗೋವೆಯಿಂದ ತಪ್ಪಿಸಿಕೊಂಡ ಹಲವರು ಈ ಕಾಡು ಸೇರಿದರು. ಅವರ ಅಜ್ಜಿಯರು ಹಳೆಯ ಸೀರೆಯನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮಾಸಿದ ಲುಂಗಿ, ಕುಪ್ಪಸ, ಲಂಗದ ತುಂಡುಗಳನ್ನು ಹೊಂದಿಸುತ್ತಾರೆ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಸುತ್ತಾಗಿ ಒಳಕ್ಕೆ ಹೋಗಿ ನಡುವಿನಲ್ಲಿ ಮುಗಿಯುತ್ತದೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ‘ಫುಲಾ’ ಕೂರಿಸುತ್ತಾರೆ; ಅದಿಲ್ಲದಿದ್ದರೆ ಕೌದಿ ಬತ್ತಲೆ ಎಂದು ಅವರ ಲೆಕ್ಕ. ಹುಟ್ಟುವ ಮೊಮ್ಮಗುವಿಗೆ ಬೇರೆ ಪುಟ್ಟ ಕೌದಿ. 2011ರಲ್ಲಿ ಇಂಥ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಜಿಲ್ಲೆಯ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿದ್ದು 2003ರಲ್ಲಷ್ಟೇ. ಅಮೆರಿಕದವರು ಗೋಡೆಗೆ ತೂಗುಹಾಕಿ ನೋಡಿದ್ದನ್ನು ನಾವು ಈಗಲೂ ಚಿಂದಿ ಎನ್ನುತ್ತೇವೆ.

ಕೋಟೆಗೆ ಯಾರು ಮುತ್ತಿಗೆ ಹಾಕಿದರು, ಯಾವ ಸಾಹೇಬ ಎಷ್ಟು ತೇಗ ಕಡಿಸಿದ ಎಂಬುದನ್ನು ಬರೆದಿಟ್ಟವರಿದ್ದಾರೆ. ಊರನ್ನು ಉಣಿಸಿ, ಹೊದಿಸಿ, ಹರಕೆ ಹೊತ್ತು ಕಾಪಾಡಿದವರ ಪಟ್ಟಿ ಮಾತ್ರ ಎಲ್ಲೂ ಇಲ್ಲ. ಅಕ್ಕನಾಗಮ್ಮನಂಥವಳೇ ಮಗನ ತೇರಿನ ಹಿಂದೆ ಮರೆಯಾಗುವಾಗ ಉಳಿದವರ ಪಾಡೇನು? ನಮ್ಮ ಸೀಮೆಯಲ್ಲೇ ಸೂಪಾ ಅಣೆಕಟ್ಟಿನ ನೀರಿನಡಿ ಹೋದ ಊರುಗಳ ಮುದುಕಿಯರಲ್ಲಿ ಈಗ ಉಳಿದಿರುವವರು ಕೆಲವೇ ಮಂದಿ. ಅವರು ಹೋದರೆ ಆ ಊರುಗಳ ಓಣಿಗಳೂ ಹೋದವು.

ಆದ್ದರಿಂದ ಹಳಿಯಾಳ ಸೀಮೆಯವರಲ್ಲಿ ಒಂದು ಬಿನ್ನಹ. ಬರುವ ಭಾರತ ಹುಣ್ಣಿಮೆಗೆ ಉಳವಿಗೆ ಹೋದವರು ಅಕ್ಕನಾಗಮ್ಮನ ಗವಿಗೂ ಹೋಗಿ ಬನ್ನಿ. ಹೊರಡುವ ಮುಂಚೆ ಮನೆಯ ಹಿರಿಯ ಹೆಂಗಸಿನ ಪಕ್ಕ ಕೂತು ಅವಳ ಹೆಸರು, ತವರೂರು, ಅವಳ ಅವ್ವನ ಹೆಸರು, ಅಜ್ಜಿಯ ಹೆಸರು ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದರ ಒಂದು ಪ್ರತಿಯನ್ನು ಊರಿನ ಗ್ರಂಥಾಲಯಕ್ಕೆ ಕೊಡಿ. ಮುಂದೆ ಹಳಿಯಾಳದ ಚರಿತ್ರೆ ಬರೆಯಲು ಕೂತವರಿಗೆ ಕೋಟೆಯ ಕಾಗದಕ್ಕಿಂತ ಆ ನೋಟ್‌ಬುಕ್ಕೇ ಹೆಚ್ಚು ಬೇಕಾಗುತ್ತದೆ.